ಗೃಹಯಂತ್ರ ವಿಚಾರ: ಒಮ್ಮೆ ಹೊರಟು ಒಮ್ಮೆ ಹೊರಡದ ಸ್ಕೂಟರು

ಮನೆಯಲ್ಲಿರುವ ಯಂತ್ರವು ಪೂರ್ತಿಯಾಗಿ ಕೆಟ್ಟುಹೋದರೆ ಗೃಹಸ್ಥನಿಗೆ ಅಷ್ಟೇನೂ ಕಷ್ಟವಿಲ್ಲ. ಅದು ಕೆಟ್ಟಿದೆಯೆಂಬುದು ನಿಶ್ಚಿತ. ಅದನ್ನು ನಂಬಿ ಯಾರೂ ಹೊರಡುವುದಿಲ್ಲ. ಬಸ್ಸನ್ನೋ ಆಟೋವನ್ನೋ ಹಿಡಿಯುವರು. ನಿಜವಾದ ಕಷ್ಟವು ಒಮ್ಮೆ ನಡೆದು ಒಮ್ಮೆ ನಿಲ್ಲುವ ಯಂತ್ರದಿಂದ. ನಾಲ್ಕು ದಿನ ಮೊದಲನೆಯ ಒದೆತಕ್ಕೇ ಹೊರಟ ಸ್ಕೂಟರು ಐದನೆಯ ದಿನ, ಮಗುವಿನ ಪರೀಕ್ಷೆಯ ಹೊತ್ತಿಗೋ, ರಾತ್ರಿ ಹನ್ನೊಂದು ಗಂಟೆಗೆ ಔಷಧದ ಅಂಗಡಿಗೆ ಓಡಬೇಕಾದ ಹೊತ್ತಿಗೋ ಮೌನವ್ರತವನ್ನು ಹಿಡಿಯುವುದು. ನಂಬಿಕೆಗೆ ದ್ರೋಹ ಮಾಡುವ ಯಂತ್ರವು ಇಲ್ಲದ ಯಂತ್ರಕ್ಕಿಂತಲೂ ಕೆಟ್ಟದ್ದು.

ಇಂತಹ ಗಾಡಿಯನ್ನು ರಿಪೇರಿಯ ಅಂಗಡಿಗೆ ತಳ್ಳಿಕೊಂಡು ಹೋದರೆ ಮತ್ತೊಂದು ವಿನೋದವುಂಟು. ಅಲ್ಲಿ ಅದು ಸಜ್ಜನನಂತೆ ಮೊದಲ ಯತ್ನದಲ್ಲಿಯೇ ಹೊರಟುಬಿಡುವುದು. ದೋಷವು ಕಣ್ಣಿಗೆ ಬೀಳದಿರುವಾಗ ಮೆಕ್ಯಾನಿಕ್ಕನು ತಾನೆ ಏನು ಮಾಡಿಯಾನು? ಊಹೆಯಿಂದ ಈ ವಾರ ಪ್ಲಗ್ಗನ್ನು ಬದಲಿಸುವನು. ಮುಂದಿನ ವಾರ ಬ್ಯಾಟರಿಯನ್ನು. ಅದರ ಮುಂದಿನ ವಾರ ಕಾಯಿಲ್ಲನ್ನು. ಹಣವು ಕರಗುವುದು, ದೋಷವು ಉಳಿಯುವುದು. ಇದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ರೋಗಿಯ ದಿನಚರಿಯನ್ನು ಬಲ್ಲವರು ಮನೆಯವರೇ ಹೊರತು ವೈದ್ಯನಲ್ಲ. ಗಾಡಿಯು ಯಾವಾಗ ಹೊರಡುವುದಿಲ್ಲವೆಂಬುದನ್ನು ಗೃಹಸ್ಥನೇ ಗಮನಿಸಿ ಹೇಳಬೇಕು. ಈ ತಿಂಗಳ ಲೇಖನದ ತಾತ್ಪರ್ಯವು ಇಷ್ಟೇ.

ತರ್ಕಶಾಸ್ತ್ರದಲ್ಲಿ ಕಾರಣಸಾಮಗ್ರಿ ಎಂಬ ಮಾತೊಂದುಂಟು. ಮಣ್ಣು, ಚಕ್ರ, ಕೋಲು, ಕುಂಬಾರ, ಇವೆಲ್ಲವೂ ಕೂಡಿದರೆ ಮಾತ್ರ ಮಡಕೆಯಾಗುವುದು. ಒಂದು ತಪ್ಪಿದರೂ ಆಗದು. ಪೆಟ್ರೋಲು ಎಂಜಿನ್ನಿಗೆ ಬೇಕಾದ ಸಾಮಗ್ರಿ ಮೂರು. ಮೊದಲನೆಯದು, ಪೆಟ್ರೋಲಿನ ಆವಿಯೂ ಗಾಳಿಯೂ ಸರಿಯಾದ ಪ್ರಮಾಣದಲ್ಲಿ ಬೆರೆತ ಮಿಶ್ರಣ. ತೂಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲು. ತಣ್ಣಗಿರುವಾಗ ಪೆಟ್ರೋಲು ಇನ್ನೂ ಕೊಂಚ ಹೆಚ್ಚಾಗಿರಬೇಕು. ಎರಡನೆಯದು, ಆ ಮಿಶ್ರಣವನ್ನು ಸಿಲಿಂಡರಿನಲ್ಲಿ ಅದುಮುವ ಒತ್ತಡ. ಮೂರನೆಯದು, ತಕ್ಕ ಕ್ಷಣದಲ್ಲಿ ಪ್ಲಗ್ಗಿನ ತುದಿಯಲ್ಲಿ ಹಾರುವ ಕಿಡಿ. ಹೊರಡದ ಗಾಡಿಯಲ್ಲಿ ಈ ಮೂರರೊಳಗೆ ಒಂದು ತಪ್ಪಿರಲೇಬೇಕು. ನಾಲ್ಕನೆಯ ಮಾಯೆಯೇನೂ ಇಲ್ಲ.

ದೊಡ್ಡ ಕಾರಣವನ್ನು ಹುಡುಕುವುದಕ್ಕೆ ಮೊದಲು ಸಣ್ಣವನ್ನು ಕಳೆದುಕೊಳ್ಳತಕ್ಕದ್ದು. ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೆ? ಮುಳ್ಳನ್ನು ನಂಬದೆ ಮುಚ್ಚಳವನ್ನು ತೆರೆದು ನೋಡಿರಿ. ಹಳೆಯ ಗಾಡಿಯಾದರೆ ಪೆಟ್ರೋಲಿನ ನಲ್ಲಿ ತೆರೆದಿದೆಯೆ? ಎಂಜಿನ್ನನ್ನು ನಿಲ್ಲಿಸುವ ಗುಂಡಿಯಿದ್ದರೆ ಅದು ಯಾವ ಕಡೆಗಿದೆ? ಗೇರಿಲ್ಲದ ಸ್ಕೂಟರುಗಳು ಬ್ರೇಕನ್ನು ಹಿಡಿಯದಿದ್ದರೆ ಗುಂಡಿಗೆ ಓಗೊಡವು; ಹೊಸ ಗಾಡಿಗಳಲ್ಲಿ ಹಲವು ಪಕ್ಕದ ಸ್ಟ್ಯಾಂಡನ್ನು ಮಡಿಸದಿದ್ದರೂ ಹೊರಡವು. ಇಷ್ಟನ್ನು ನೋಡದೆಯೇ ಗಾಡಿಯನ್ನು ಮೈಲಿಗಟ್ಟಲೆ ತಳ್ಳಿದವರು ಊರಿಗೆ ನಾಲ್ವರಾದರೂ ಸಿಕ್ಕುವರು.

ಇದಾದ ಮೇಲೆ ಮುಖ್ಯವಾದ ಪ್ರಶ್ನೆ: ಯಾವಾಗ ಹೊರಡುವುದಿಲ್ಲ? ಯಾವುದು ಇದ್ದಾಗ ದೋಷವು ತೋರುವುದೋ, ಯಾವುದು ಇಲ್ಲದಾಗ ತೋರುವುದಿಲ್ಲವೋ, ಅದರ ಬಳಿಯಲ್ಲಿಯೇ ಕಾರಣವನ್ನು ಹುಡುಕಬೇಕು. ಅನ್ವಯ ವ್ಯತಿರೇಕವೆಂದು ಪಂಡಿತರು ಹೇಳುವುದು ಇದನ್ನೇ. ಸ್ಕೂಟರಿನ ವಿಷಯದಲ್ಲಿ ಐದು ಸಂದರ್ಭಗಳನ್ನು ಬೇರ್ಪಡಿಸಿದರೆ ಬಹುಮಟ್ಟಿಗೆ ಸಾಕು.

ಬೆಳಗಿನ ಚಳಿಯಲ್ಲಿ ಮಾತ್ರ ಹೊರಡದೆ, ಒಮ್ಮೆ ಬಿಸಿಯಾದ ಮೇಲೆ ದಿನವೆಲ್ಲ ಚೆನ್ನಾಗಿ ಹೊರಡುವುದಾದರೆ, ಚೋಕು ಕೆಲಸ ಮಾಡುತ್ತಿಲ್ಲ, ಅಥವಾ ಕಾರ್ಬೊರೇಟರಿನ ಪೈಲಟ್ ಜೆಟ್ಟು ಎಂಬ ಕೂದಲೆಳೆಯಷ್ಟು ಸಣ್ಣ ರಂಧ್ರವು ಅಂಟಿನಿಂದ ಕಟ್ಟಿಕೊಂಡಿದೆ, ಅಥವಾ ಬ್ಯಾಟರಿ ಬಡವಾಗಿದೆ. ಗುಂಡಿಯನ್ನೊತ್ತಿದಾಗ ಟಕ್ ಟಕ್ ಎಂಬ ಸದ್ದು ಮಾತ್ರ ಬಂದು, ಕಾಲಿನ ಒದೆತಕ್ಕೆ ಗಾಡಿ ಹೊರಟರೆ, ಎಂಜಿನ್ನು ನಿರ್ದೋಷಿ; ಬ್ಯಾಟರಿಯನ್ನೂ ಅದರ ತಂತಿಗಳ ಬಿಗಿಯನ್ನೂ ನೋಡತಕ್ಕದ್ದು. ತುಂಬಿದ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುವುದು. 12 ಕ್ಕೆ ಇಳಿದಿದ್ದರೆ ಅದು ಹಸಿದಿದೆಯೆಂದು ತಿಳಿಯಬೇಕು.

ಬಿಸಿಯಾದಾಗ ಮಾತ್ರ ಹೊರಡದೆ, ಅರ್ಧ ಗಂಟೆ ತಣಿದ ಮೇಲೆ ಹೊರಡುವುದಾದರೆ, ಕಿಡಿಯ ಕಡೆಗೆ ಸಂಶಯವು ತಿರುಗುವುದು. ಇಗ್ನಿಷನ್ ಕಾಯಿಲ್ಲಿನೊಳಗಣ ತಂತಿಯಲ್ಲಿ ಸಣ್ಣ ಬಿರುಕಿದ್ದರೆ, ಕಾವಿನಿಂದ ಹಿಗ್ಗಿದಾಗ ಸಂಪರ್ಕವು ತಪ್ಪುವುದು, ತಣಿದಾಗ ಮತ್ತೆ ಕೂಡುವುದು. ಫೋರ್ ಸ್ಟ್ರೋಕು ಎಂಜಿನ್ನಿನಲ್ಲಿ ವಾಲ್ವುಗಳ ಸಂದು ತೀರ ಕಿರಿದಾಗಿದ್ದರೂ ಅವು ಪೂರ್ತಿಯಾಗಿ ಮುಚ್ಚಿಕೊಳ್ಳದೆ ಒತ್ತಡವು ಸೋರಿಹೋಗುವುದು. ಕಿಕ್ಕರನ್ನು ತುಳಿದಾಗ ಹಿಂದಿನ ಬಿಗಿಯು ಕಾಲಿಗೆ ತಿಳಿಯದಿದ್ದರೆ ಈ ಮಾತನ್ನು ಮೆಕ್ಯಾನಿಕ್ಕನಿಗೆ ತಪ್ಪದೆ ಹೇಳಬೇಕು.

ಮಳೆಯ ದಿನದಲ್ಲಿಯೋ ಗಾಡಿಯನ್ನು ತೊಳೆದ ಮೇಲೆಯೋ ಹೊರಡದಿದ್ದರೆ, ಪ್ಲಗ್ಗಿನ ಟೋಪಿಯಲ್ಲಿಯೂ ಅದಕ್ಕೆ ಬರುವ ದಪ್ಪ ತಂತಿಯಲ್ಲಿಯೂ ಬಿರುಕುಗಳನ್ನು ಹುಡುಕಿರಿ. ಕಿಡಿಯ ವಿದ್ಯುತ್ತು ಸಾವಿರಾರು ವೋಲ್ಟಿನದು. ತೇವವು ದಾರಿಯನ್ನು ತೋರಿಸಿದರೆ ಅದು ಪ್ಲಗ್ಗಿಗೆ ಹೋಗದೆ ಅಡ್ಡಹಾದಿಯಲ್ಲಿ ಇಳಿದುಹೋಗುವುದು. ಕತ್ತಲೆಯಲ್ಲಿ ಎಂಜಿನ್ನನ್ನು ಓಡಿಸಿ ನೋಡಿದರೆ ಆ ತಂತಿಯ ಮೈಮೇಲೆ ನೀಲಿಯ ಮಿಣುಕು ಕಾಣುವುದೂ ಉಂಟು.

ಬೇಸಗೆಯ ರಜದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯು ಹೊರಡದಿದ್ದರೆ ಆಶ್ಚರ್ಯವಿಲ್ಲ. ಕಾರ್ಬೊರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲು ಆರಿ ಜಿಗುಟು ಮಾತ್ರ ಉಳಿದಿರುವುದು. ಎಥನಾಲು ಬೆರೆತ ಪೆಟ್ರೋಲಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಶೇಕಡ 20 ರಷ್ಟು ಎಥನಾಲುಳ್ಳ ಪೆಟ್ರೋಲನ್ನು 2023 ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ದೇಶಕ್ಕೆ ಬಿಡುಗಡೆ ಮಾಡಲಾಯಿತು. ಎಥನಾಲು ನೀರನ್ನು ತನ್ನೆಡೆಗೆ ಎಳೆದುಕೊಳ್ಳುವುದು. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ನಿಲ್ಲುವುವು. ಎಂಜಿನ್ನಿಗೆ ಮೊದಲು ದೊರೆಯುವುದು ಆ ತಳದ ದ್ರವವೇ. ಆದುದರಿಂದ ಮಳೆನೀರು ಟ್ಯಾಂಕಿಗೆ ಸೇರದಂತೆ ನೋಡಿಕೊಳ್ಳುವುದು ಹಿಂದಿಗಿಂತಲೂ ಈಗ ಅಗತ್ಯ.

ಐದನೆಯದು ಬಹಳ ಮಂದಿಯನ್ನು ಮರುಳು ಮಾಡುವಂತಹದು. ಗಾಡಿಯು ಚೆನ್ನಾಗಿ ಹೊರಡುವುದು, ಒಂದೆರಡು ಮೈಲಿ ಓಡಿ ನಿಲ್ಲುವುದು. ಹತ್ತು ನಿಮಿಷದ ಮೇಲೆ ಮತ್ತೆ ಹೊರಡುವುದು. ನಮಗೆ ತಿಳಿದ ಒಂದು ಮನೆಯಲ್ಲಿ ಇಂತಹ ಹಳೆಯ ಸ್ಕೂಟರಿಗೆ ಪ್ಲಗ್ಗು, ಕಾಯಿಲ್ಲು, ಬ್ಯಾಟರಿ ಮೂರನ್ನೂ ಬದಲಿಸಿದ್ದಾಗಿತ್ತು. ಕಡೆಗೆ ಆ ಮನೆಯ ಹೆಣ್ಣುಮಗಳು, ಗಾಡಿಯು ನಿಂತಾಗ ಟ್ಯಾಂಕಿನ ಮುಚ್ಚಳವನ್ನು ತೆರೆದರೆ ಉಸಿರೆಳೆದಂತೆ ಸದ್ದಾಗುವುದೆಂದೂ, ಕೂಡಲೆ ಗಾಡಿಯು ಹೊರಡುವುದೆಂದೂ ಕಂಡುಹಿಡಿದಳು. ಮುಚ್ಚಳದಲ್ಲಿ ಗಾಳಿಯಾಡಲು ಇರತಕ್ಕ ಸೂಜಿಯ ಮೊನೆಯಷ್ಟು ರಂಧ್ರವು ಧೂಳಿನಿಂದ ಮುಚ್ಚಿಹೋಗಿತ್ತು. ಪೆಟ್ರೋಲು ಇಳಿದಂತೆ ಅದರ ಎಡೆಗೆ ಗಾಳಿ ಬಾರದೆ, ಬೆರಳಿನಿಂದ ಬಾಯಿ ಮುಚ್ಚಿದ ಕೊಳವೆಯಲ್ಲಿ ನೀರು ನಿಲ್ಲುವಂತೆ ಪೆಟ್ರೋಲು ನಿಂತುಹೋಗುತ್ತಿತ್ತು. ಚಿಕಿತ್ಸೆಗೆ ತಗಲಿದ ವೆಚ್ಚವು ಒಂದು ಸೂಜಿ.

ಸಂದರ್ಭವು ತಿಳಿದ ಮೇಲೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೆಂದರೆ ಪ್ಲಗ್ಗಿನ ದರ್ಶನ. ವೈದ್ಯನು ನಾಲಗೆಯನ್ನು ನೋಡುವಂತೆ ಇದನ್ನು ನೋಡಬೇಕು. ಎಂಜಿನ್ನು ತಣಿದಿರುವಾಗ, ಬೀಗದ ಕೈಯನ್ನು ತೆಗೆದಿಟ್ಟು, ಪ್ಲಗ್ಗಿನ ಸ್ಪ್ಯಾನರಿನಿಂದ ಅದನ್ನು ಬಿಚ್ಚಿರಿ. ಹಲವು ಸಲ ತುಳಿದ ಮೇಲೂ ತುದಿಯು ಒಣಗಿದ್ದರೆ ಪೆಟ್ರೋಲು ಒಳಕ್ಕೆ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲಿನ ವಾಸನೆ ಬಂದರೆ, ಪೆಟ್ರೋಲು ಬಂದಿದೆ, ಕಿಡಿಯಿಲ್ಲ, ಅಥವಾ ಪೆಟ್ರೋಲು ಅತಿಯಾಗಿದೆ. ಮಸಿಯಂತೆ ಒಣ ಕಪ್ಪಿದ್ದರೆ ಗಾಳಿ ಸಾಲದು. ಏರ್ ಫಿಲ್ಟರನ್ನು ನೋಡಿರಿ. ಎಣ್ಣೆಯ ಜಿಡ್ಡಿದ್ದರೆ ಫೋರ್ ಸ್ಟ್ರೋಕಿನಲ್ಲಿ ಎಂಜಿನ್ನಿನ ಸವೆತವನ್ನೂ, ಟೂ ಸ್ಟ್ರೋಕಿನಲ್ಲಿ ಎಣ್ಣೆಯ ಅಳತೆಯನ್ನೂ ಶಂಕಿಸಬೇಕು. ಹಳೆಯ ಟೂ ಸ್ಟ್ರೋಕು ಸ್ಕೂಟರುಗಳಿಗೆ ಲೀಟರಿಗೆ 20 ಮಿಲಿಲೀಟರು ಎಣ್ಣೆಯೇ ರೂಢಿಯ ಪ್ರಮಾಣ. ತಿಳಿಯಾದ ಕಂದು ಬಣ್ಣವಿದ್ದರೆ ಆರೋಗ್ಯ. ತುದಿಗಳ ನಡುವಣ ಸಂದು ಎಷ್ಟಿರಬೇಕೆಂಬುದು ಕೈಪಿಡಿಯಲ್ಲಿರುವುದು, ಸಾಮಾನ್ಯವಾಗಿ 0.6 ರಿಂದ 0.9 ಮಿಲಿಮೀಟರು.

ಪೆಟ್ರೋಲು ಅತಿಯಾಗಿದ್ದರೆ ಚೋಕನ್ನು ಬಿಟ್ಟು, ಥ್ರಾಟಲನ್ನು ಪೂರ್ತಿ ತಿರುಗಿಸಿ ಹಿಡಿದು, ಐದಾರು ಸಲ ತುಳಿಯಬೇಕು. ಒಳಹೊಕ್ಕ ಗಾಳಿಯು ಹೆಚ್ಚಿದ ಪೆಟ್ರೋಲನ್ನು ಹೊರಕ್ಕೆ ಒಯ್ಯುವುದು. ಇಲ್ಲಿಯೇ ಕಾಕತಾಳೀಯ ನ್ಯಾಯಕ್ಕೆ ಒಳ್ಳೆಯ ಉದಾಹರಣೆಯೊಂದುಂಟು. ಪ್ಲಗ್ಗನ್ನು ಬಿಚ್ಚಿ ಅಂಗಡಿಗೆ ಹೋಗಿ ಹೊಸದನ್ನು ತಂದು ಹಾಕುವಷ್ಟರಲ್ಲಿ ತೆರೆದ ಬಾಯಿಯಿಂದ ಸಿಲಿಂಡರು ಒಣಗಿರುವುದು, ಗಾಡಿಯು ಹೊರಡುವುದು, ಕೀರ್ತಿಯು ಹೊಸ ಪ್ಲಗ್ಗಿಗೆ ಸಲ್ಲುವುದು. ಮೂರು ದಿನದ ಮೇಲೆ ಹಳೆಯ ಕಥೆಯೇ. ಹಳೆಯ ಪ್ಲಗ್ಗನ್ನೇ ಒರಸಿ ಮತ್ತೆ ಹಾಕಿ ನೋಡಿದ್ದರೆ ಸತ್ಯವು ಅಂದೇ ಹೊರಪಡುತ್ತಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದವನು ಏನನ್ನೂ ಕಲಿಯಲಾರನು.

ಗಾಡಿಯನ್ನು ಓರೆಮಾಡುವ ಪದ್ಧತಿಯನ್ನೂ ಹೀಗೆಯೇ ವಿಚಾರಿಸಬೇಕು. ಇಟಲಿಯಲ್ಲಿ 1946 ರಲ್ಲಿ ಹುಟ್ಟಿದ ವೆಸ್ಪಾದ ವಂಶದವೂ, 1972 ರಲ್ಲಿ ನಮ್ಮಲ್ಲಿ ಬಂದ ಚೇತಕ್ ಮೊದಲಾದವೂ ಬೀದಿಬೀದಿಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಹೊರಡದ ಸ್ಕೂಟರನ್ನು ಒಂದು ಪಕ್ಕಕ್ಕೆ ಬಾಗಿಸಿ ಎತ್ತಿ ತುಳಿಯುವುದು ನಿತ್ಯಕರ್ಮವಾಗಿದ್ದಿತು. ಅದು ಮೂಢಾಚಾರವಲ್ಲ. ಬಾಗಿಸಿದಾಗ ಟ್ಯಾಂಕಿನ ತಳದ ಪೆಟ್ರೋಲು ಕೊಳವೆಯ ಬಾಯಿಗೆ ಸರಿಯುವುದು, ಕಾರ್ಬೊರೇಟರಿನ ತೇಲುಬುರುಡೆ ಸ್ಥಾನ ತಪ್ಪಿ ಬಟ್ಟಲಿಗೆ ಕೊಂಚ ಹೆಚ್ಚು ಪೆಟ್ರೋಲು ಇಳಿಯುವುದು, ಮಿಶ್ರಣವು ಗಟ್ಟಿಯಾಗುವುದು. ಆದರೆ ದಿನವೂ ಓರೆಮಾಡಬೇಕಾಗಿ ಬಂದರೆ ಅದು ಚಿಕಿತ್ಸೆಯಲ್ಲ, ರೋಗದ ಲಕ್ಷಣ. ಚೋಕು, ಜೆಟ್ಟು, ಪೆಟ್ರೋಲಿನ ಜಾಲರಿ, ಇವುಗಳಲ್ಲಿ ಒಂದು ಶುದ್ಧಿಯನ್ನು ಬೇಡುತ್ತಿದೆಯೆಂದು ತಿಳಿಯತಕ್ಕದ್ದು.

2020 ರ ಏಪ್ರಿಲಿನಲ್ಲಿ ಬಿ.ಎಸ್. 6 ಎಂಬ ಹೊಗೆಯ ನಿಯಮವು ಜಾರಿಗೆ ಬಂದ ಮೇಲೆ ಹೊಸ ಪೆಟ್ರೋಲು ಸ್ಕೂಟರುಗಳಲ್ಲಿ ಬಹುಮಟ್ಟಿಗೆ ಕಾರ್ಬೊರೇಟರಿನ ಸ್ಥಾನಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಇವುಗಳಿಗೆ ಚೋಕಿಲ್ಲ, ಪೆಟ್ರೋಲನ್ನು ವಿದ್ಯುತ್ ಪಂಪು ಒತ್ತಿ ಕಳುಹಿಸುವುದರಿಂದ ಬ್ಯಾಟರಿ ಸತ್ತರೆ ಕಾಲೊದೆತದಿಂದಲೂ ಫಲವಿರದು. ಬೀಗದ ಕೈಯನ್ನು ತಿರುಗಿಸಿದಾಗ ಪಂಪಿನ ಸಣ್ಣ ಗುಂಯ್‌ಗುಡುವಿಕೆ ಕೇಳಿಸುವುದೆ, ಎಂಜಿನ್ನಿನ ಎಚ್ಚರಿಕೆಯ ದೀಪವು ಆರದೆ ಮಿನುಗುವುದೆ, ಮಿನುಗಿದರೆ ಎಷ್ಟು ಸಲ, ಇಷ್ಟನ್ನು ಬರೆದುಕೊಂಡು ಹೇಳುವುದೇ ಗೃಹಸ್ಥನ ಕೆಲಸ. ಒತ್ತಡವಿರುವ ಪೆಟ್ರೋಲಿನ ಕೊಳವೆಯನ್ನು ಮನೆಯಲ್ಲಿ ಬಿಚ್ಚಲಾಗದು.

ಮುಗಿಸುವುದಕ್ಕೆ ಮೊದಲು ಪ್ರಾಣಕ್ಕೆ ಸಂಬಂಧಿಸಿದ ಮಾತುಗಳು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರ. ನೆಲವನ್ನು ಹಿಡಿದು ಹರಿದು ದೂರದ ದೀಪವನ್ನೋ ಒಲೆಯನ್ನೋ ಮುಟ್ಟಬಲ್ಲದು. ಈ ಕೆಲಸವನ್ನು ಬಯಲಿನಲ್ಲಿ ಹಗಲುಹೊತ್ತು ಮಾಡಬೇಕು, ಮಕ್ಕಳು ಬಳಿಯಲ್ಲಿರಕೂಡದು. ಪ್ಲಗ್ಗಿನ ತೂತಿಗೆ ಪೆಟ್ರೋಲನ್ನು ಹನಿಸಿ ತುಳಿಯುವ ಪದ್ಧತಿಯನ್ನು ಬಿಡಬೇಕು. ತೆರೆದ ತೂತಿನ ಬಳಿ ಕಿಡಿಯನ್ನು ಹಾರಿಸಿ ನೋಡುವುದನ್ನು ಕಸಬಿನವರಿಗೇ ಬಿಡುವುದು ಲೇಸು. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ನನ್ನು ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದ ವಿಷ. ಗುಂಡಿಯನ್ನು ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುನಡುವೆ ಬಿಡುವು ಕೊಡಬೇಕು.

ಗಾಡಿಯ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ಪೆನ್ಸಿಲನ್ನೂ ಇರಿಸಿರಿ. ಹೊರಡದ ದಿನ, ಹೊತ್ತು, ಹವೆ, ಬಿಸಿಯೋ ತಣ್ಣಗೋ, ಪೆಟ್ರೋಲು ಹಾಕಿಸಿ ಎಷ್ಟು ದಿನವಾಯಿತು, ಕಡೆಗೆ ಏನು ಮಾಡಿದಾಗ ಹೊರಟಿತು, ಇವಿಷ್ಟನ್ನು ಒಂದೊಂದು ಪಂಕ್ತಿಯಲ್ಲಿ ಬರೆದಿಡಿರಿ. ಹತ್ತು ಪಂಕ್ತಿಗಳಾಗುವುದರೊಳಗೆ ದೋಷವು ಬಹುಶಃ ತನ್ನ ಹೆಸರನ್ನು ತಾನೇ ಹೇಳುವುದು. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಹೋದವನಿಗೆ ಒಳ್ಳೆಯ ಮೆಕ್ಯಾನಿಕ್ಕನು ಗೌರವವನ್ನು ಕೊಡುವನು. ಒಳ್ಳೆಯವನಲ್ಲದವನು ಬೇಡದ ಸಾಮಾನನ್ನು ಮಾರಲು ಅಳುಕುವನು. ಎರಡೂ ಲಾಭವೇ. ಮುಂದಿನ ಸಂಚಿಕೆಯಲ್ಲಿ ಬ್ಯಾಟರಿಯ ಪೋಷಣೆಯನ್ನು ಕುರಿತು ಬರೆಯುವೆವು.