ಹೊಗೆಯಲ್ಲದ ಹೊಗೆ

ರಜೆಗೆಂದು ಊರಿಗೆ ಹೊರಟಿದ್ದೆವು. ರೈಲು ಒಂದು ವಿದ್ಯುತ್ ಕೇಂದ್ರದ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಡಮರುಗವನ್ನು ನೆಟ್ಟಗೆ ನಿಲ್ಲಿಸಿದಂತಿದ್ದ ಭಾರಿ ಗೋಪುರಗಳ ಬಾಯಿಂದ ಬೆಳ್ಳಗೆ ಏನೋ ಏಳುತ್ತಿತ್ತು. "ಅಬ್ಬಾ, ಎಷ್ಟು ಹೊಗೆ!" ಎಂದರು ಮಕ್ಕಳು. ನಾವೂ ಹೌದೆಂದು ತಲೆಯಾಡಿಸಿದೆವು. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ನಕ್ಕು, "ಹೊಗೆಯಲ್ಲ ಸ್ವಾಮಿ, ಬರಿಯ ನೀರು" ಎಂದಾಗ ನಮಗೆ ನಾಚಿಕೆಯಾಯಿತು. ಆಮೇಲೆ ಓದಿ ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಕಲ್ಲಿದ್ದಲಿನ ಹೊಗೆ ಹೋಗುವುದು ಪಕ್ಕದ ನೀಳವಾದ ಚಿಮಣಿಯಿಂದ. ಈ ಗೋಪುರದ ಕೆಲಸವೇ ಬೇರೆ. ಟರ್ಬೈನನ್ನು ತಿರುಗಿಸಿ ಬಂದ ಉಗಿಯನ್ನು ತಣಿಸಿ ಮತ್ತೆ ನೀರಾಗಿಸಬೇಕು. ಉಗಿಯ ಕಾವನ್ನು ಹೀರಿಕೊಂಡು ತಣ್ಣೀರು ತಾನೇ ಬಿಸಿಯಾಗುತ್ತದೆ. ಆ ಬಿಸಿನೀರನ್ನು ಗೋಪುರದ ಕೆಳಭಾಗದಲ್ಲಿ ಮಳೆಯಂತೆ ಸುರಿಸುತ್ತಾರೆ. ಸ್ವಲ್ಪ ನೀರು ಆವಿಯಾಗಿ ಉಳಿದುದನ್ನು ತಂಪು ಮಾಡುತ್ತದೆ. ನಮ್ಮ ಮಣ್ಣಿನ ಹೂಜಿ ಮಾಡುವುದೂ ಇದನ್ನೇ. ಒಳಗಿನ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇರುತ್ತದೆ. ಆ ಸೆಳೆತಕ್ಕೆ ಬುಡದ ಕಂಬಗಳ ನಡುವಿನಿಂದ ಹೊರಗಿನ ತಂಗಾಳಿ ನುಗ್ಗುತ್ತದೆ. ಗಾಳಿ ಬೀಸಲು ಫ್ಯಾನೂ ಬೇಡ, ಮೋಟಾರೂ ಬೇಡ. ಮೇಲೆ ಕಾಣುವ ಬಿಳುಪು ಹನಿಗೂಡಿದ ಆವಿ, ಅಷ್ಟೆ.

ಈ ಆಕಾರವನ್ನು ಕಂಡುಹಿಡಿದವರು ಹಾಲೆಂಡಿನ ಫಾನ್ ಇಟರ್ಸನ್ ಮತ್ತು ಕೈಪರ್ಸ್ ಎಂಬಿಬ್ಬರು. 1918ರಲ್ಲಿ ಅಲ್ಲಿಯ ಎಮ್ಮಾ ಕಲ್ಲಿದ್ದಲು ಗಣಿಯಲ್ಲಿ ಇಂಥ ಮೊದಲ ಗೋಪುರ ಎದ್ದಿತು. ಗೋಡೆ ಬಾಗಿರುವುದರಿಂದಲೇ ಅದಕ್ಕೆ ಬಲ; ತೆಳುವಾದ ಕಾಂಕ್ರೀಟೇ ಸಾಕಾಗುತ್ತದೆ. ರಾಜಸ್ಥಾನದ ಕಾಲಿಸಿಂಧ್ ಕೇಂದ್ರದ ಗೋಪುರಗಳ ಎತ್ತರ 202 ಮೀಟರು. ನಮ್ಮ ವಿಜಯಪುರದ ಗೋಲಗುಮ್ಮಟದಂಥವು ನಾಲ್ಕನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ!

ಆದರೆ ಈ ಬಲಕ್ಕೂ ಒಂದು ಮಿತಿಯುಂಟು. ಇಂಗ್ಲೆಂಡಿನ ಯಾರ್ಕ್‌ಷೈರಿನ ಫೆರಿಬ್ರಿಜ್‌ನಲ್ಲಿ ಇಂಥ ಎಂಟು ಗೋಪುರಗಳನ್ನು ಎರಡು ಸಾಲಾಗಿ ಕಟ್ಟಿದ್ದರು. ಎತ್ತರ ಸುಮಾರು 115 ಮೀಟರು. ಗೋಡೆಯ ದಪ್ಪ ಬಹುಪಾಲು ಐದೇ ಅಂಗುಲ. 1965ರ ನವೆಂಬರ್ 1ರಂದು ಬಿರುಗಾಳಿ ಬೀಸಿತು. ಗಾಳಿಗೆ ಎದುರಾಗಿದ್ದ ಸಾಲು ನಿಂತಿತು; ಅದರ ಮರೆಯಲ್ಲಿದ್ದ ಹಿಂದಿನ ಸಾಲಿನ ಮೂರು ಗೋಪುರಗಳು ಒಂದಾದಮೇಲೊಂದು ಕುಸಿದವು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ.

ವಿಚಾರಣೆಯಲ್ಲಿ ಕಾರಣ ಹೊರಬಂತು. ಗಾಳಿಯ ಸರಾಸರಿ ವೇಗವನ್ನು ಲೆಕ್ಕಕ್ಕೆ ಹಿಡಿದವರು, ಕ್ಷಣಮಾತ್ರ ಬಂದು ಅಪ್ಪಳಿಸುವ ರಭಸವನ್ನು ಸಾಕಷ್ಟು ಗಣಿಸಿರಲಿಲ್ಲ. ಮಾದರಿಯಿಟ್ಟು ಪರೀಕ್ಷೆ ಮಾಡಿದ್ದೂ ಒಂಟಿ ಗೋಪುರಕ್ಕೆ. ಮುಂದಿನ ಗೋಪುರಗಳ ಸಂದಿನಲ್ಲಿ ಸಿಕ್ಕ ಗಾಳಿ ಇನ್ನಷ್ಟು ರಭಸದಿಂದ ಹಿಂದಿನವುಗಳ ಮೇಲೆ ಎರಗೀತೆಂದು ಯಾರೂ ಎಣಿಸಿರಲಿಲ್ಲ. ಉಳಿದವನ್ನು ಬಲಪಡಿಸಿ, ಬಿದ್ದವನ್ನು ಮತ್ತೆ ಕಟ್ಟಿದರು. ಕೇಂದ್ರ 2016ರವರೆಗೂ ನಡೆಯಿತು.

ನೆರೆಯೇ ಇಲ್ಲವೆಂಬಂತೆ ಹಾಕಿದ ಲೆಕ್ಕ ತಪ್ಪಿತು. ಹಾಗೆಂದು ಆ ಇಂಜಿನಿಯರರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಅರಿಯದ ವಿಷಯಕ್ಕೆ ಹೌದೆಂದು ತಲೆಯಾಡಿಸಿದವರಲ್ಲವೆ ನಾವು! ಮುಂದಿನ ಪ್ರಯಾಣದಲ್ಲಿ ನಿಮ್ಮ ಮಕ್ಕಳು "ಹೊಗೆ" ಎಂದರೆ, ದಯವಿಟ್ಟು ನೀವಾದರೂ ಸರಿಯಾದ ಉತ್ತರ ಕೊಡಿ.