ಬರೆದ ಚಿತ್ರಕ್ಕೆ ಸುರಿದ ಕಣ್ಣೀರು

ಬರೆದ ಬೊಂಬೆಗಳು ಓಡಾಡುವ ಚಿತ್ರಪಟವನ್ನು, ಅಂದರೆ ಈಗಿನವರು ಆನಿಮೇಶನ್ ಎಂದು ಕರೆಯುವ ಚಿತ್ರವನ್ನು, ನೋಡುತ್ತ ಕುಳಿತವರ ಕಣ್ಣು ಒದ್ದೆಯಾದರೆ ಅದು ನಗತಕ್ಕ ಸಂಗತಿಯೆಂದು ನಮ್ಮ ಊರುಗಳ ಅನೇಕ ಸುಶಿಕ್ಷಿತರು ಭಾವಿಸಿರುವರು. ಮಕ್ಕಳು ಅತ್ತರೆ ಹುಡುಗುತನವೆಂದು ಬಿಟ್ಟುಬಿಡುವರು. ಕಚೇರಿಗೆ ಹೋಗುವ ಗೃಹಸ್ಥನಾದರೋ ಕನ್ನಡಕವನ್ನು ಸರಿಪಡಿಸಿಕೊಂಡಂತೆ ಮಾಡಿ ಕಣ್ಣೊರಸಿಕೊಳ್ಳಬೇಕಾಗುವದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ವಾಚಕರ ಮುಂದೆ ನಾವು ಇಂದು ಆ ಕಣ್ಣೀರಿನ ಪಕ್ಷವನ್ನು ಹಿಡಿದು ನಾಲ್ಕು ಮಾತು ಹೇಳಬಯಸುವೆವು. ತಮ್ಮ ಕಣ್ಣಿಗೆ ನೀರು ತರಿಸಲು ಮೆಣಸಿನಕಾಯಿಯೇ ಸಾಕೆಂದು ಬ್ಯಾಡಗಿಯವರು ವಿನೋದ ಮಾಡಿಯಾರು. ಆದರೆ ಬ್ಯಾಡಗಿಯ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲವೆಂಬದನ್ನು ಅವರೇ ನಮಗಿಂತ ಚೆನ್ನಾಗಿ ಬಲ್ಲರು.

ಈ ಅಳು ಹೊಸದಲ್ಲ. ವಾಲ್ಟ್ ಡಿಸ್ನಿಯು 'ಸ್ನೋ ವೈಟ್' ಚಿತ್ರವನ್ನು ಸಿದ್ಧಗೊಳಿಸುತ್ತಿದ್ದಾಗ, ಬರೆದ ಬೊಂಬೆಗಳನ್ನು ಅಷ್ಟು ಹೊತ್ತು ಕುಳಿತು ಯಾರು ನೋಡುವರೆಂದು ಆ ಉದ್ಯಮದವರೇ ಅಪಹಾಸ್ಯ ಮಾಡಿದ್ದರು. 1937ನೆಯ ಇಸವಿಯ ಡಿಸೆಂಬರ 21ರಂದು ಲಾಸ್ ಏಂಜಲೀಸಿನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಅಂದು ನೆರೆದವರಲ್ಲಿ ಹೆಸರಾಂತ ನಟನಟಿಯರಿದ್ದರು, ಅಂದರೆ ಅಳುವದು ನಗುವದು ಹೇಗೆ ತಯಾರಾಗುತ್ತದೆಂಬ ಒಳಗುಟ್ಟನ್ನು ಬಲ್ಲವರು. ಸತ್ತಂತೆ ಮಲಗಿದ ರಾಜಕುಮಾರಿಯ ಸುತ್ತ ಕುಬ್ಜರು ನಿಂತು ಶೋಕಿಸುವ ಪ್ರಸಂಗದಲ್ಲಿ ಅವರೂ ಅತ್ತರು. ತರುವಾಯ 1942ರಲ್ಲಿ 'ಬ್ಯಾಂಬಿ' ಬಂದಿತು. ಆಸ್ಟ್ರಿಯದ ಲೇಖಕ ಫೆಲಿಕ್ಸ್ ಸಾಲ್ಟನ್ನನು 1923ರಲ್ಲಿ ಬರೆದ ಜಿಂಕೆಮರಿಯ ಕಥೆಯದು. ಅದರಲ್ಲಿ ತಾಯಿಜಿಂಕೆಯು ಬೇಟೆಗಾರನ ಗುಂಡಿಗೆ ಬಲಿಯಾಗುವದು. ಆದರೆ ಆ ಸಾವನ್ನು ತೆರೆಯ ಮೇಲೆ ತೋರಿಸಿಯೇ ಇಲ್ಲ. ಗುಂಡಿನ ಸದ್ದು ಕೇಳುತ್ತದೆ, ಹಿಮ ಬೀಳುತ್ತದೆ, ಮರಿ ತಾಯಿಯನ್ನು ಕೂಗುತ್ತ ಅಲೆಯುತ್ತದೆ, ಅಷ್ಟೇ. ಒಂದು ಸೆಕೆಂಡಿಗೆ 24ರಂತೆ, 70 ಮಿನಿಟುಗಳ ಆ ಪಟದಲ್ಲಿ ಲಕ್ಷಕ್ಕೆ ಮೇಲ್ಪಟ್ಟು ಚಿತ್ರಗಳು ಕಣ್ಣ ಮುಂದೆ ಸರಿದುಹೋಗುವವು. ಅಷ್ಟರಲ್ಲಿ ನಮ್ಮನ್ನು ಅಳಿಸುವದು ಬರೆಯದೆ ಬಿಟ್ಟ ಒಂದೇ ಚಿತ್ರ. ನಟನು ಅಳುವಾಗ ಇಂಥವನು ಚೆನ್ನಾಗಿ ಅಭಿನಯಿಸಿದನೆಂದು ನಮ್ಮ ಬುದ್ಧಿ ಒಂದು ಮೂಲೆಯಲ್ಲಿ ಎಚ್ಚರವಾಗಿಯೇ ಇರುವದು. ಗೆರೆಯಲ್ಲಿ ಮೂಡಿದ ಜಿಂಕೆಮರಿಗೆ ಹಾಗೆ ಬೇರೊಂದು ಹೆಸರಿಲ್ಲ, ಬೇರೊಂದು ಮನೆಯಿಲ್ಲ. ಅದು ಅಳುವದಕ್ಕಾಗಿಯೇ ಹುಟ್ಟಿದೆ, ಆದುದರಿಂದ ನಮ್ಮ ಮನಸ್ಸು ಅದರೊಡನೆ ವಾದಿಸುವದಿಲ್ಲ.

ರಾಣೇಬೆನ್ನೂರಿನವರಿಗೆ ಈ ಕಥೆ ಇನ್ನೂ ಸಮೀಪದ್ದು. ಅವರ ಊರ ನೆರೆಯಲ್ಲಿಯೇ 1974ರಲ್ಲಿ ಸ್ಥಾಪಿತವಾದ, 119 ಚದರ ಕಿಲೋಮೀಟರು ವಿಸ್ತಾರದ ಕೃಷ್ಣಮೃಗ ಧಾಮವಿದೆ. ನೀಲಗಿರಿ ಮರಗಳ ನೆಡುತೋಪು, ಕುರುಚಲು, ಹುಲ್ಲುಬಯಲುಗಳ ನಡುವೆ ಚಿಗರೆಗಳು ಹಿಂಡುಹಿಂಡಾಗಿ ಜಿಗಿಯುವದನ್ನು ಅಲ್ಲಿಯ ಮಕ್ಕಳು ಕಣ್ಣಾರೆ ನೋಡಬಲ್ಲರು. 'ಬ್ಯಾಂಬಿ'ಗಾಗಿ ಅತ್ತ ಮಗುವು ಆ ಹಿಂಡನ್ನು ಬೇರೊಂದು ಕಣ್ಣಿನಿಂದ ನೋಡುವದೆಂದು ನಾವು ನಂಬುವೆವು. ಆದರೆ ಗೋವಿನಜೋಳದ ಮೊಳಕೆಯನ್ನು ಚಿಗರೆಗಳು ಮೇಯ್ದುಹೋದ ಮರುದಿನ ಹೊಲದ ಬದುವಿನ ಮೇಲೆ ಕುಳಿತ ರೈತನಿಗೂ ಕಣ್ಣೀರಿದೆ; ಅದನ್ನು ಯಾವ ಡಿಸ್ನಿಯೂ ಬರೆದಿಲ್ಲ. ಪರದೇಶದ ಕಥೆಯಲ್ಲಿ ಮನುಷ್ಯನೆಂದರೆ ಬರಿಯ ಬಂದೂಕು. ನಮ್ಮ ನೆಲದ ಕಥೆಯನ್ನು ನಮ್ಮವರೇ ಬರೆದಿದ್ದರೆ ಆ ಮನುಷ್ಯನಿಗೂ ಒಂದು ಮುಖ ಬರುತ್ತಿತ್ತು.

ಬರೆದ ಚಿತ್ರಕ್ಕೆ ಅಳುವದು ವಿಲಾಯತಿಯಿಂದ ಬಂದ ರೂಢಿಯೆಂದೂ ಯಾರೂ ತಿಳಿಯಬಾರದು. ದೀಪದ ಮುಂದೆ ಬಣ್ಣದ ತೊಗಲನ್ನು ಹಿಡಿದು, ಬಿಳಿಯ ತೆರೆಯ ಮೇಲೆ ರಾಮನನ್ನೂ ಸೀತೆಯನ್ನೂ ಕುಣಿಸಿ, ಹಳ್ಳಿಗೆ ಹಳ್ಳಿಯನ್ನೇ ಇಡೀ ರಾತ್ರಿ ನಗಿಸಿ ಅಳಿಸಿದವರು ನಮ್ಮ ಗೊಂಬೆಯಾಟದವರು. ಮಳೆ ಹೋದರೆ ಮಳೆಗಾಗಿ ಅವರನ್ನು ಕರೆಸಿ ಆಡಿಸುತ್ತಿದ್ದರು. ಇನ್ನು ಮೂಕಪ್ರಾಣಿಗಾಗಿ ಅಳುವದಂತೂ ಹಾವೇರಿ ಸೀಮೆಗೆ ಕಲಿಸಬೇಕಾದ ವಿದ್ಯೆಯೇ ಅಲ್ಲ. ದೀಪಾವಳಿಯ ತರುವಾಯ ಕೊಬ್ಬರಿಯ ಹಾರ ಕಟ್ಟಿ ಹೋರಿಗಳನ್ನು ಓಡಿಸುವ ಈ ಸೀಮೆಯಲ್ಲಿ, ಹೆಸರಾದ ಹೋರಿ ಸತ್ತರೆ ಮೆರವಣಿಗೆ ಮಾಡಿ ಮನುಷ್ಯರಿಗೆ ಮಾಡುವಂತೆಯೇ ಮಣ್ಣು ಮಾಡುವರು; ಮೀಸೆ ಹೊತ್ತ ಗಂಡಸರು ಬಹಿರಂಗವಾಗಿ ಅಳುವರು, ಯಾರೂ ನಗುವದಿಲ್ಲ. ಚಿತ್ರಮಂದಿರದ ಕತ್ತಲೆಯಲ್ಲಿ ಮಾತ್ರ ಅದೇ ಜನರಿಗೆ ಸಂಕೋಚವೇಕೆಂದು ನಮಗೆ ತಿಳಿಯದು.

ಇಷ್ಟು ಹೇಳಿದ ಮೇಲೆ ನಮ್ಮ ಮುಖ್ಯ ಮಾತಿಗೆ ಬರುವೆವು. ನಮ್ಮ ಮಕ್ಕಳು ಅಳುತ್ತಿರುವರು, ಅದು ಒಳ್ಳೆಯದೇ. ಆದರೆ ಯಾವ ಭಾಷೆಯಲ್ಲಿ ಅಳುತ್ತಿರುವರು? 1994ರ 'ಲಾಯನ್ ಕಿಂಗ್' ಎಂಬ ಚಿತ್ರದಲ್ಲಿ ಸಿಂಹದ ಮರಿಯು ಸತ್ತ ತಂದೆಯ ಮುಂಗಾಲನ್ನು ಎತ್ತಿ ಅದರ ಕೆಳಗೆ ಮುದುಡಿ ಮಲಗುವದು. ಅದನ್ನು ನೋಡಿ ಅಳದ ಮಗುವನ್ನು ಹುಡುಕಬೇಕು. ಅದೇ ಕಥೆಯನ್ನು 2019ರಲ್ಲಿ ಹೊಸದಾಗಿ ನಿರ್ಮಿಸಿದಾಗ ಅದು ನಮ್ಮ ದೇಶದಲ್ಲಿ ಇಂಗ್ಲಿಷಿನೊಡನೆ ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತು, ಕನ್ನಡದಲ್ಲಿ ಬರಲಿಲ್ಲ. ಮರಿಯು ತಂದೆಯನ್ನು ಕರೆದ ಕೂಗು ಚೆನ್ನೈಯ ಮಗುವಿಗೆ ಅದರ ಮನೆಮಾತಿನಲ್ಲಿ ಕೇಳಿಸಿತು. ಹಾವೇರಿಯ ಮಗುವು ಬೇರೆಯವರ ಮಾತಿನಲ್ಲಿ ಅದನ್ನು ಊಹಿಸಿಕೊಳ್ಳಬೇಕಾಯಿತು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. ಕನ್ನಡ ನಾಡಿನ ತಾಯಂದಿರು ಹಾಡುತ್ತ ಬಂದ ಗೋವಿನ ಹಾಡನ್ನು ಅರಿಯದವರಿಲ್ಲ. ಪುಣ್ಯಕೋಟಿಯು ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಮರಳುವದು, ಕರುವಿಗೆ ಹಾಲುಣಿಸಿ ಅದನ್ನು ಉಳಿದ ಹಸುಗಳ ಕೈಗೊಪ್ಪಿಸುವದು, ಮತ್ತೆ ಗವಿಯ ಬಾಗಿಲಿಗೆ ಹೋಗಿ ನಿಲ್ಲುವದು. 'ಲಾಯನ್ ಕಿಂಗ್'ನಲ್ಲಿ ನಾವು ಸಾವಿಗಾಗಿ ಅಳುವೆವು. ಇಲ್ಲಿಯಾದರೋ ಹಸು ಸಾಯುವದೇ ಇಲ್ಲ, ಆದರೂ ಅಳುವೆವು. ತಾಯಿಯು ತಪ್ಪಿಸಿಕೊಳ್ಳಲು ದಾರಿಯಿದ್ದೂ ತಪ್ಪಿಸಿಕೊಳ್ಳದೆ ಹೊರಟಳಲ್ಲಾ ಎಂದು ಅಳುವೆವು. ಇಂಥ ಕಥೆಯು ಬೇರೆ ಯಾವ ಸೀಮೆಯಲ್ಲಿದ್ದರೂ ಅಲ್ಲಿಯವರು ಅದನ್ನು ಎಂದೋ ಚಿತ್ರಪಟವಾಗಿಸಿ ಜಗತ್ತಿಗೆ ಮಾರುತ್ತಿದ್ದರು. ಬೆಂಗಳೂರಿನ ರವಿಶಂಕರರು ಸಾರ್ವಜನಿಕರಿಂದ ಹಣ ಕೂಡಿಸಿ, ಇಳಯರಾಜರ ಸಂಗೀತದೊಡನೆ ಅದನ್ನು ಆನಿಮೇಶನ್ ಚಿತ್ರವಾಗಿಸಿದರು. 2020ರಲ್ಲಿ ಅದು ಜನರ ಮುಂದೆ ಬಂದಿತು. ಅವರ ಸಾಹಸವನ್ನು ನಾವು ಮನಸಾರೆ ಹೊಗಳುವೆವು. ಆದರೆ ಅವರ ಪುಣ್ಯಕೋಟಿಯು ಮಾತಾಡಿದ್ದು ಸಂಸ್ಕೃತದಲ್ಲಿ. ಸಂಸ್ಕೃತದ ಮೇಲೆ ನಮಗೆ ಪೂರ್ಣ ಗೌರವವಿದೆ, ಅದನ್ನು ಸುಲಭವಾಗಿ ಜನರಿಗೆ ಕೇಳಿಸಬೇಕೆಂಬ ಅವರ ಉದ್ದೇಶವೂ ಶ್ಲಾಘ್ಯವೇ. ಆದರೂ ಬ್ಯಾಡಗಿಯ ಹಟ್ಟಿಯ ಕರುವೊಂದು ತಾಯಿಯನ್ನು ಕರೆಯುವಾಗ 'ಅವ್ವಾ' ಎನ್ನದೆ ಬೇರೇನೆಂದರೂ ಅಲ್ಲಿಯ ಮಗುವಿನ ಎದೆಗೆ ಅದು ಸ್ವಲ್ಪ ತಡವಾಗಿಯೇ ಮುಟ್ಟುವದು.

ಈ ಸ್ಥಿತಿಗೆ ಕಾರಣವನ್ನು ಪರರಲ್ಲಿಯೇ ಹುಡುಕುವದು ನ್ಯಾಯವಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವದನ್ನು, ಅಂದರೆ ಡಬ್ಬಿಂಗನ್ನು, ವಿರೋಧಿಸಿ 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದ ಮಹನೀಯರು ಚಳುವಳಿ ಹೂಡಿದರು. ಕನ್ನಡದ ಚಿತ್ರೋದ್ಯಮವು ಆಗ ಎಳೆಯ ಸಸಿ; ಮದರಾಸಿನ ದೊಡ್ಡ ಸ್ಟುಡಿಯೋಗಳ ನೆರಳಿನಲ್ಲಿ ಅದು ಬಾಡಿಹೋಗುವದೆಂಬ ಅವರ ಭೀತಿಯು ಸಕಾರಣವಾದದ್ದೇ ಆಗಿತ್ತು. ಆದರೆ ಸಸಿಯು ಮರವಾದ ಮೇಲೂ ಬೇಲಿಯನ್ನು ಕಿತ್ತವರಿಲ್ಲ. 2015ರ ಜುಲೈ ತಿಂಗಳಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಆ ನಿರ್ಬಂಧವು ಸಲ್ಲದೆಂದು ಆಜ್ಞೆ ಮಾಡುವವರೆಗೆ, ದೊಡ್ಡವರ ಉದ್ಯಮವನ್ನು ಕಾಯಲು ಕಟ್ಟಿದ ಆ ಬೇಲಿಯ ಹೊರಗೆ ನಮ್ಮ ಮಕ್ಕಳೂ ನಿಂತಿದ್ದರು. 2009ರಲ್ಲಿ ಚಿಂಟು ಎಂಬ ದೂರದರ್ಶನ ವಾಹಿನಿಯು ಕನ್ನಡದಲ್ಲಿ ಕಾರ್ಟೂನು ತೋರಿಸತೊಡಗಿದ್ದು ಸಣ್ಣ ಉಪಕಾರವಲ್ಲ. ಆದರೂ ಚಿತ್ರಮಂದಿರದ ದೊಡ್ಡ ತೆರೆಯ ಮಾತು ಬೇರೆಯೇ.

ಪರಭಾಷೆಯಿಂದ ತಂದರೆ ಕನ್ನಡ ಕೆಡುವದೆನ್ನುವವರು ಹಾವೇರಿ ಸೀಮೆಯ ಗಳಗನಾಥರನ್ನು ನೆನೆಯಬೇಕು. ಈ ಭಾಗದ ಓದುಬಲ್ಲವರು ಮರಾಠಿಯ ಪುಸ್ತಕಗಳಿಗೆ ಮರುಳಾಗಿದ್ದ ಕಾಲದಲ್ಲಿ ಅವರು ಮರಾಠಿಯನ್ನು ಬಯ್ಯುತ್ತ ಕೂಡ್ರಲಿಲ್ಲ. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅಗಡಿಯಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯನ್ನು ನಡೆಯಿಸಿದರು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ಗಂಟಿನಿಂದ ಕನ್ನಡವು ಕೆಟ್ಟಿತೇ, ಬೆಳೆಯಿತೇ? ಮರಾಠಿಯ ವೀರನಿಗಾಗಿ ಕನ್ನಡದಲ್ಲಿ ಅಳಲು ಕಲಿತ ಓದುಗರೇ ಮುಂದೆ ಕನ್ನಡದ ಸ್ವಂತ ಕಾದಂಬರಿಗಳಿಗೂ ಓದುಗರಾದರು.

ಕನ್ನಡದಲ್ಲಿ ಕೊಟ್ಟರೆ ಜನರು ಬರುವರೇ ಎಂಬ ಸಂಶಯಕ್ಕೆ 2025ರ ಜುಲೈ 25ರಂದು ತೆರೆಕಂಡ 'ಮಹಾವತಾರ ನರಸಿಂಹ'ವು ಉತ್ತರ ಕೊಟ್ಟಿದೆ. ಬೆಂಗಳೂರಿನ ಹೊಂಬಾಳೆ ಸಂಸ್ಥೆಯು ಅರ್ಪಿಸಿದ ಆ ಆನಿಮೇಶನ್ ಚಿತ್ರವು ಹಿಂದಿ ಮೊದಲಾದವುಗಳೊಡನೆ ಕನ್ನಡದಲ್ಲಿಯೂ ಬಂದಿತು. ಪ್ರಹ್ಲಾದನ ಸಂಕಟವನ್ನು ನೋಡಿ ಮಕ್ಕಳಷ್ಟೇ ಅಲ್ಲ, ಹಿರಿಯರೂ ಕಣ್ಣೊರಸಿಕೊಂಡರು. ಅದರ ಗದ್ದಲ, ಯುದ್ಧಗಳ ಉದ್ದ ನಮಗೆ ಹೆಚ್ಚೆನಿಸಿದ್ದುಂಟು; ವಾದ್ಯವನ್ನು ಮೊಳಗಿಸಿ ಕಣ್ಣೀರನ್ನು ಹಿಂಡಿ ತೆಗೆಯುವ ಪದ್ಧತಿಗೆ ನಾವು ಒಪ್ಪುವವರಲ್ಲ. ಆದರೆ ಪ್ರಹ್ಲಾದನ ಕಥೆಯೇನು ಈ ಸೀಮೆಗೆ ಹೊರಗಿನದೇ? ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನನ್ನು ನೆನೆದು ಹಾಡಿದ ಕನಕದಾಸರು 'ನೃಸಿಂಹಸ್ತವ'ವೆಂಬ ಕೃತಿಯನ್ನೂ ರಚಿಸಿದ್ದರೆಂದು ಹೇಳುವರು. ಅದು ಇಂದು ದೊರೆಯುತ್ತಿಲ್ಲ. ದೊರೆತಿರುವ 'ರಾಮಧಾನ್ಯ ಚರಿತೆ'ಯಲ್ಲಿಯಾದರೋ ರಾಗಿ ಭತ್ತಗಳು ಶ್ರೀರಾಮನ ಮುಂದೆ ನಿಂತು ಜಗಳಾಡುವವು. ಧಾನ್ಯಗಳು ಮಾತಾಡುವ ಇಂಥ ಕಥೆಯನ್ನು ಚಿತ್ರಕಾರರು ಬೇರೆಲ್ಲಿ ಹುಡುಕುವರು?

2023ರ ಜನವರಿಯಲ್ಲಿ ಹಾವೇರಿಯಲ್ಲಿ ಜರುಗಿದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಈ ಮೂರೂ ಊರುಗಳ ಮಹಾಜನರು ದುಡಿದರು, ಹಣ ಕೊಟ್ಟರು, ಅತಿಥಿಗಳಿಗೆ ರೊಟ್ಟಿ ಬಡಿಸಿದರು. ಅಷ್ಟು ಮಾಡಬಲ್ಲವರಿಗೆ ಇದು ಅಸಾಧ್ಯವೇನಲ್ಲ. ಚಿತ್ರಮಂದಿರದ ಒಡೆಯರು ಮಕ್ಕಳ ಚಿತ್ರವನ್ನು ತರಿಸುವಾಗ ಕನ್ನಡದ ಪ್ರತಿಯನ್ನು ಕೇಳಬೇಕು; ಇಲ್ಲವೆಂದರೆ ಯಾಕಿಲ್ಲವೆಂದು ವಿತರಕರಿಗೆ ಬರೆಯಬೇಕು. ಬ್ಯಾಡಗಿಯ ಪೇಟೆಯ ವರ್ತಕರು ಒಂದು ಹಂಗಾಮಿನಲ್ಲಿ ಒಂದೆರಡು ಬೆಳಗಿನ ಆಟಗಳ ವೆಚ್ಚವನ್ನು ವಹಿಸಿಕೊಂಡರೆ ಅವರ ತಕ್ಕಡಿ ಏರುಪೇರಾಗದು. ಶಿಕ್ಷಣ ಇಲಾಖೆಯ ಅಧಿಕಾರಿಗಳು ಹಳ್ಳಿಯ ಸರಕಾರಿ ಶಾಲೆಗಳ ಮಕ್ಕಳನ್ನು ಕರೆತರುವ ಏರ್ಪಾಡು ಮಾಡಲಿ. ಗುರುಗಳೂ ಅವರೊಡನೆ ಕುಳಿತು ನೋಡಲಿ, ಮತ್ತು ಮಗುವೊಂದು ಅತ್ತರೆ 'ಸುಮ್ಮನಿರು, ಅದು ಬರೇ ಬೊಂಬೆ' ಎಂದು ಗದರಿಸದಿರಲಿ.