ಐಡಿಯಾ ಇದ್ರೆ ಸಾಕಾ? ಸೈಟ್ ಪತ್ರ ಬೇಡ್ವಾ?

"ಕೆಲಸ ಹುಡುಕಬೇಡಿ, ಕೆಲಸ ಕೊಡೋರಾಗಿ" ಅಂತ ಭಾಷಣ ಬಿಗಿಯೋರಿಗೆ ನಮ್ಮಲ್ಲಿ ಬರವಿಲ್ಲ. ಸರಿ ಸ್ವಾಮಿ, ಆಗ್ತೀವಿ. ದುಡ್ಡು?

ಸಣ್ಣದೊಂದು ಸಾಫ್ಟ್‌ವೇರ್ ಉದ್ಯಮಕ್ಕೆ 8 ಲಕ್ಷ ಸಾಲ ಕೇಳಲು ಹೋದರೆ, ಮ್ಯಾನೇಜರ್ ಸಾಹೇಬರು ನನ್ನ ಪ್ರಾಜೆಕ್ಟ್ ರಿಪೋರ್ಟ್ ತೆರೆದೂ ನೋಡಲಿಲ್ಲ. "ಸೈಟ್ ಪತ್ರ ಇದೆಯಾ?" ಅಂದರು. ಅಂದರೆ ಅಪ್ಪನಿಗೆ ಸೈಟಿದ್ದರೆ ಮಾತ್ರ ಮಗನ ತಲೆಗೆ ಬೆಲೆ!

ಮಜಾ ನೋಡಿ. ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತು. ಇಂಥ ಸಾಲ ಮುಳುಗಿದರೆ ಬಹುಪಾಲು ನಷ್ಟ ತುಂಬಿಕೊಡಲೆಂದೇ ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ 2000ದಲ್ಲಿ ಸಿಜಿಟಿಎಂಎಸ್‌ಇ ಅನ್ನೋ ಟ್ರಸ್ಟ್ ಕಟ್ಟಿದವು. ಆದರೂ ಭಯ! ಯಾಕೆಂದರೆ ಕೊಟ್ಟ ಸಾಲ ಮುಳುಗಿದರೆ ಮ್ಯಾನೇಜರ್ ಉತ್ತರ ಹೇಳಬೇಕು, ಕೊಡದಿದ್ದರೆ ಕೇಳೋರೇ ಇಲ್ಲ.

1981ರಲ್ಲಿ ಸುಧಾ ಮೂರ್ತಿ ಕೊಟ್ಟ 10 ಸಾವಿರದಿಂದ ಇನ್ಫೋಸಿಸ್ ಶುರುವಾದ ಕಥೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಹಾಗೆ ಕೂಡಿಟ್ಟುಕೊಟ್ಟ ಹೆಂಡತಿ ಇಲ್ಲದವರು ಏನು ಮಾಡಬೇಕು?

ಗೆಳೆಯರೇ, ಬಾಯಿಮಾತಿಗೆ ವಾಪಸ್ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಲ ಇಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಅವರೂ ಒಮ್ಮೆ ಉತ್ತರ ಹೇಳಲಿ. ಏನಂತೀರಿ?